ಕಾರವಾರ, ಶಿರಸಿ, ಭಟ್ಕಳದಿಂದ ವಿಮಾನಕ್ಕೆ ಹೊರಡುವವರಿಗೆ: ದೂರ ಎಷ್ಟು, ಹೊತ್ತು ಎಷ್ಟು, ಲೆಕ್ಕ ಹೇಗೆ

ಮೊಬೈಲಿನಲ್ಲಿ ಗೋವಾ–ಬೆಂಗಳೂರು ಟಿಕೆಟ್ ಹುಡುಕಿದರೆ 1 ಗಂಟೆ 15 ನಿಮಿಷ ಎಂದು ಬರುತ್ತದೆ. ಕಾರವಾರದ ಕೋಡಿಬಾಗದಲ್ಲಿ ಮನೆಗೆ ಬೀಗ ಹಾಕಿ ಹೊರಟವರು ಬೆಂಗಳೂರಿನ ಮಲ್ಲೇಶ್ವರದ ನೆಂಟರ ಮನೆಯಲ್ಲಿ ಚಪ್ಪಲಿ ಬಿಡುವ ಹೊತ್ತಿಗೆ ಏಳು ತಾಸು ದಾಟಿರುತ್ತದೆ. ಟಿಕೆಟ್ ಸುಳ್ಳು ಹೇಳಿದ್ದಲ್ಲ. ಅದು ಹೇಳುವುದು ವಿಮಾನದ ಹೊತ್ತನ್ನು ಮಾತ್ರ, ನಮ್ಮ ಜಿಲ್ಲೆಯವರ ಪ್ರಯಾಣದಲ್ಲಿ ಅದು ಆರನೇ ಒಂದು ಪಾಲು. ಉಳಿದ ಐದು ಪಾಲು ರಸ್ತೆ, ಸಾಲು, ಕಾಯುವಿಕೆ. ವಿಮಾನ ತಪ್ಪಿಸಿಕೊಳ್ಳುವವರು ತಪ್ಪಿಸಿಕೊಳ್ಳುವುದೂ ಆ ಐದು ಪಾಲಿನಲ್ಲೇ.

ಉತ್ತರ ಕನ್ನಡದಲ್ಲಿ ಪ್ರಯಾಣಿಕರ ವಿಮಾನ ಇಳಿಯುವ ಜಾಗ ಇಲ್ಲ. ಅಂಕೋಲಾದ ಅಲಗೇರಿಯಲ್ಲಿ ನೌಕಾಪಡೆಯ ವಿಮಾನ ನೆಲೆಯ ಜೊತೆಗೆ ನಾಗರಿಕ ವಿಮಾನಗಳಿಗೂ ಜಾಗ ಮಾಡುವ ಯೋಜನೆ ಇದೆ. ಅಲ್ಲಿಂದ ಟಿಕೆಟ್ ಸಿಗುವ ದಿನದವರೆಗೆ ಲೆಕ್ಕದಲ್ಲಿ ಅದಕ್ಕೆ ಸೊನ್ನೆ. ಹಾಗಾಗಿ ಮೊದಲ ಪ್ರಶ್ನೆ, ಯಾವ ಊರಿನ ವಿಮಾನ ನಿಲ್ದಾಣ ಎಂಬುದು.

ಯಾವ ತಾಲೂಕಿನವರಿಗೆ ಯಾವ ನಿಲ್ದಾಣ

ಕಾರವಾರದವರಿಗೆ ಹತ್ತಿರದ್ದು ಗೋವಾದ ದಾಬೋಲಿಂ. ಮಾಜಾಳಿ ಗಡಿ ದಾಟಿ, ಕಾಣಕೋಣ, ಮಡಗಾಂವ ಹಾದು ಸುಮಾರು 90 ಕಿ.ಮೀ. ನಕಾಶೆಯಲ್ಲಿ ಗೆರೆ ಎಳೆದರೆ ಬರೀ 70. ಕಾಣಕೋಣದ ಬೈಪಾಸ್ 2019ರಲ್ಲಿ ಆದ ಮೇಲೆ ಪೇಟೆಯ ಸುತ್ತಾಟ ತಪ್ಪಿದೆ. ಆದರೆ ಅದರಾಚೆಯ ಕರಮಲ ಘಟ್ಟದಲ್ಲಿ ರಸ್ತೆ ಇಕ್ಕಟ್ಟು, ತಿರುವುಗಳು ಒಂದರ ಹಿಂದೆ ಒಂದು. ಅಲ್ಲಿ ಒಂದು ಲಾರಿ ಮುಂದೆ ಸಿಕ್ಕಿದರೆ ಅದರ ವೇಗವೇ ನಿಮ್ಮ ವೇಗ. ಎರಡು ತಾಸಿನಲ್ಲಿ ಮುಟ್ಟಬಹುದು, ಲೆಕ್ಕಕ್ಕೆ ಮಾತ್ರ 2 ತಾಸು 20 ನಿಮಿಷ ಇಟ್ಟುಕೊಳ್ಳಿ.

ಇಲ್ಲಿ ಒಂದು ಗುಂಡಿ ಇದೆ, ಬೀಳುವವರು ಬಹಳ. ಗೋವಾಕ್ಕೆ ಈಗ ಎರಡು ವಿಮಾನ ನಿಲ್ದಾಣ. ದಕ್ಷಿಣಕ್ಕೆ ಹಳೆಯ ದಾಬೋಲಿಂ, ಉತ್ತರದ ತುದಿಯಲ್ಲಿ ಪೆರ್ನೆ ತಾಲೂಕಿನ ಮೋಪಾ. ಮೋಪಾದಿಂದ ವಿಮಾನ ಹಾರಲು ಶುರುವಾದದ್ದು 2023ರ ಜನವರಿಯಲ್ಲಿ. ಎರಡರ ನಡುವೆ ರಸ್ತೆಯಲ್ಲಿ ಸುಮಾರು 60 ಕಿ.ಮೀ. ಟಿಕೆಟ್ ಹುಡುಕುವ ಆ್ಯಪ್‌ಗಳು ಎರಡನ್ನೂ ಗೋವಾ ಎಂದೇ ತೋರಿಸಿ, ಅಗ್ಗದ್ದನ್ನು ಮೇಲೆ ಇಡುತ್ತವೆ. ಅಕ್ಷರ ನೋಡಿ: ಜಿಒಐ ಎಂದಿದ್ದರೆ ದಾಬೋಲಿಂ, ಜಿಒಎಕ್ಸ್ ಎಂದಿದ್ದರೆ ಮೋಪಾ. ಕಾರವಾರದಿಂದ ಮೋಪಾಕ್ಕೆ ಸುಮಾರು 130 ಕಿ.ಮೀ., ಜುವಾರಿ ಮತ್ತು ಮಾಂಡವಿ ಎರಡೂ ಸೇತುವೆ ದಾಟಬೇಕು, ಮೂರು ತಾಸಿಗಿಂತ ಕಡಿಮೆ ಹಿಡಿಯಬೇಡಿ. ಟಿಕೆಟ್‌ನಲ್ಲಿ ಉಳಿದ ಐನೂರು ರೂಪಾಯಿ ಟ್ಯಾಕ್ಸಿಯಲ್ಲಿ ಹೋಗಿ, ಮೇಲೆ ಒಂದು ತಾಸೂ ಹೋಗುತ್ತದೆ. ಹೋಗುವಾಗ ದಾಬೋಲಿಂ, ಬರುವಾಗ ಮೋಪಾ ಎಂದು ಟಿಕೆಟ್ ಮಾಡಿ, ಕಾರನ್ನು ದಾಬೋಲಿಂ ಪಾರ್ಕಿಂಗ್‌ನಲ್ಲಿ ಬಿಟ್ಟವರ ಫಜೀತಿ ಕೇಳುವುದೇ ಬೇಡ.

ದಾಬೋಲಿಂ ನೌಕಾಪಡೆಯ ನೆಲೆ. ಕೆಲಸದ ದಿನಗಳಲ್ಲಿ ಬೆಳಗಿನ ಕೆಲವು ತಾಸು ಅವರ ತರಬೇತಿ ಹಾರಾಟಕ್ಕೆ ಮೀಸಲು. ಹತ್ತು, ಹನ್ನೊಂದು ಗಂಟೆಯ ವಿಮಾನ ಹುಡುಕಿದಾಗ ಪಟ್ಟಿಯಲ್ಲಿ ಮೋಪಾವೇ ಹೆಚ್ಚು ಕಾಣುವುದಕ್ಕೆ ಒಂದು ಕಾರಣ ಇದು.

ಶಿರಸಿಯವರ ದಾರಿ ಬೇರೆ. ಹುಬ್ಬಳ್ಳಿಯ ಗೋಕುಲ ರಸ್ತೆಯ ವಿಮಾನ ನಿಲ್ದಾಣ ಸುಮಾರು 105 ಕಿ.ಮೀ., ಎರಡೂವರೆ ತಾಸು. ಘಟ್ಟ ಇಳಿಯುವ ಕೆಲಸ ಇಲ್ಲ, ಅದೇ ದೊಡ್ಡ ಅನುಕೂಲ. ಯಲ್ಲಾಪುರ, ಮುಂಡಗೋಡ, ಹಳಿಯಾಳದವರಿಗೆ ಹುಬ್ಬಳ್ಳಿ ಬಿಟ್ಟು ಬೇರೆ ಯೋಚನೆಯೇ ಬೇಡ, 50ರಿಂದ 70 ಕಿ.ಮೀ. ಒಳಗೆ ಮುಗಿಯುತ್ತದೆ. ದಾಂಡೇಲಿಯವರು ಬೆಳಗಾವಿಯ ಸಾಂಬ್ರಾವನ್ನೂ ಒಮ್ಮೆ ನೋಡಬಹುದು. ಸಿದ್ದಾಪುರದವರಿಗೆ 2023ರಿಂದ ಶಿವಮೊಗ್ಗ ಒಂದು ಆಯ್ಕೆ, ಆದರೆ ಅಲ್ಲಿ ವಿಮಾನಗಳು ಕಡಿಮೆ. ಒಂದು ರದ್ದಾದರೆ ಅದೇ ದಿನ ಇನ್ನೊಂದು ಸಿಗುವುದು ಕಷ್ಟ.

ಭಟ್ಕಳಕ್ಕೆ ಮಂಗಳೂರು. ಸುಮಾರು 140 ಕಿ.ಮೀ., ಎರಡೂವರೆಯಿಂದ ಮೂರು ತಾಸು. ನಿಲ್ದಾಣ ಇರುವುದು ಬಜಪೆ ಕಡೆ, ಹಾಗಾಗಿ ಮೂಲ್ಕಿಯಲ್ಲಿ ಎಡಕ್ಕೆ ತಿರುಗಿ ಕಿನ್ನಿಗೋಳಿ, ಕಟೀಲು ಮೇಲೆ ಹೋದರೆ ಮಂಗಳೂರು ಪೇಟೆಯ ಗದ್ದಲ ಪೂರ್ತಿ ತಪ್ಪುತ್ತದೆ.

ತಲೆಬಿಸಿ ಇರುವುದು ನಡುವಿನವರಿಗೆ. ಅಂಕೋಲಾದಿಂದ ದಾಬೋಲಿಂ 125, ಹುಬ್ಬಳ್ಳಿ 130. ಕುಮಟಾದಿಂದ ಎರಡೂ ಸುಮಾರು 160, ಮಂಗಳೂರು 200. ಹೊನ್ನಾವರದಿಂದ ಉತ್ತರಕ್ಕೂ ದಕ್ಷಿಣಕ್ಕೂ 180ರ ಆಸುಪಾಸು. ದೂರ ಸಮ ಬಂದಾಗ ಘಟ್ಟ ಕಡಿಮೆ ಇರುವ ದಾರಿಗೆ ಮತ ಹಾಕಿ. ಮಳೆಗಾಲವಾದರೆ ಇದರಲ್ಲಿ ಎರಡನೇ ಮಾತೇ ಇಲ್ಲ.

ಗೆರೆಯ ದೂರ ಕೈಯಲ್ಲೇ ತೆಗೆಯುವುದು

ಎರಡು ಊರಿನ ನಡುವಿನ ವಿಮಾನದ ದೂರಕ್ಕೆ ಆ್ಯಪ್ ಬೇಕೆಂದಿಲ್ಲ. ಫೋನಿನ ಕ್ಯಾಲ್ಕುಲೇಟರ್ ಸಾಕು. ಗೂಗಲ್ ನಕಾಶೆಯಲ್ಲಿ ನಿಲ್ದಾಣದ ರನ್‌ವೇ ಮೇಲೆ ಬೆರಳು ಒತ್ತಿ ಹಿಡಿದರೆ ಎರಡು ಅಂಕಿ ಬರುತ್ತವೆ, ಮೊದಲನೆಯದು ಅಕ್ಷಾಂಶ, ಎರಡನೆಯದು ರೇಖಾಂಶ. ದಾಬೋಲಿಂ 15.38, 73.83. ಬೆಂಗಳೂರಿನ ದೇವನಹಳ್ಳಿ 13.20, 77.71.

1. ಅಕ್ಷಾಂಶಗಳನ್ನು ಒಂದರಿಂದೊಂದು ಕಳೆಯಿರಿ: 15.38ರಿಂದ 13.20 ಕಳೆದರೆ 2.18. ಒಂದು ಡಿಗ್ರಿ ಅಕ್ಷಾಂಶ ಎಲ್ಲಿದ್ದರೂ ಸುಮಾರು 111 ಕಿ.ಮೀ. ಗುಣಿಸಿದರೆ 242.

2. ರೇಖಾಂಶಗಳನ್ನು ಕಳೆಯಿರಿ: 77.71ರಿಂದ 73.83 ಕಳೆದರೆ 3.88. ರೇಖಾಂಶದ ಡಿಗ್ರಿ ಮಾತ್ರ ಎಲ್ಲೆಡೆ ಒಂದೇ ಅಲ್ಲ. ಧ್ರುವದ ಕಡೆ ಹೋದಂತೆ ರೇಖೆಗಳು ಹತ್ತಿರ ಬರುತ್ತವೆ, ಹಲಸಿನ ತೊಳೆ ತುದಿಯಲ್ಲಿ ಕಿರಿದಾಗುವ ಹಾಗೆ. ನಮ್ಮ ಕಡೆ, ಅಂದರೆ 14ನೇ ಅಕ್ಷಾಂಶದ ಸುತ್ತ, ಒಂದು ಡಿಗ್ರಿಗೆ 108 ಕಿ.ಮೀ. ಗುಣಿಸಿದರೆ 419.

3. ಎರಡರ ವರ್ಗ ಮಾಡಿ ಕೂಡಿಸಿ, ವರ್ಗಮೂಲ ತೆಗೆಯಿರಿ. 242ರ ವರ್ಗ 58,564. 419ರ ವರ್ಗ 1,75,561. ಕೂಡಿಸಿದರೆ 2,34,125. ಮೂಲ 484. ಗೋವಾ–ಬೆಂಗಳೂರು ಗೆರೆಯ ದೂರ 484 ಕಿ.ಮೀ. ಶಾಲೆಯ ಲಂಬಕೋನ ತ್ರಿಕೋನ, ಅಷ್ಟೇ.

ದೂರದ ಊರಿಗೆ ಲೆಕ್ಕ ಹಾಕುವಾಗ ಎರಡು ಊರಿನ ನಡುವಿನ ಅಕ್ಷಾಂಶ ತೆಗೆದುಕೊಂಡು ರೇಖಾಂಶದ ಅಂಕಿ ಬದಲಿಸಬೇಕು. 17ಕ್ಕೆ 106, 19ಕ್ಕೆ 105, 22ಕ್ಕೆ 103. ಗೋವಾ–ದೆಹಲಿಯ ನಡು 22. ಹಾಗೆ ಮಾಡಿದರೆ ಸುಮಾರು 1,500 ಕಿ.ಮೀ. ಬರುತ್ತದೆ, ಸರಿಯಾಗಿದೆ. ಮಂಗಳೂರು–ದುಬೈ ನಡು 19, ದೂರ 2,460. ಅಲ್ಲಿಯೂ 108ನ್ನೇ ಬಳಸಿದರೆ 50 ಕಿ.ಮೀ. ಹೆಚ್ಚಿಗೆ ಬರುತ್ತದೆ. ಅಮೆರಿಕಕ್ಕೆ, ಲಂಡನ್ನಿಗೆ ಈ ತ್ರಿಕೋನ ನಡೆಯುವುದಿಲ್ಲ. ಅಲ್ಲಿ ಭೂಮಿಯ ಉಬ್ಬು ಲೆಕ್ಕಕ್ಕೆ ಬರುತ್ತದೆ, ಆಗ ಗೂಗಲ್ ನಕಾಶೆಯ ದೂರ ಅಳೆಯುವ ಸೌಲಭ್ಯವೇ ಒಳ್ಳೆಯದು.

ಇದೇ ರೀತಿ ಗೋವಾ–ಮುಂಬೈ 423, ಹುಬ್ಬಳ್ಳಿ–ಬೆಂಗಳೂರು 370, ಹುಬ್ಬಳ್ಳಿ–ಮುಂಬೈ 475, ಮಂಗಳೂರು–ಬೆಂಗಳೂರು 306, ಮಂಗಳೂರು–ಮುಂಬೈ 712 ಕಿ.ಮೀ. ಆಸುಪಾಸು.

ಲೆಕ್ಕ ಕೆಡುವುದು ಸಾಮಾನ್ಯವಾಗಿ ಎರಡು ಕಡೆ. ಒಂದು, ಡಿಗ್ರಿ–ನಿಮಿಷದ ಅಂಕಿಯನ್ನು ದಶಮಾಂಶ ಎಂದು ಓದುವುದು. 14 ಡಿಗ್ರಿ 48 ನಿಮಿಷ ಎಂದರೆ 14.48 ಅಲ್ಲ, 14.80. ನಿಮಿಷವನ್ನು 60ರಿಂದ ಭಾಗಿಸಬೇಕು. ಈ ಒಂದು ತಪ್ಪಿಗೆ 35 ಕಿ.ಮೀ. ಹಾರಿಹೋಗುತ್ತದೆ, ಕಾರವಾರ ಕಡಲೊಳಗೆ ಹೆಚ್ಚುಕಮ್ಮಿ ಕುಮಟಾದ ಸಮಕ್ಕೆ ಬಂದು ನಿಲ್ಲುತ್ತದೆ. ಇನ್ನೊಂದು, ಮೈಲಿಯ ಗೊಂದಲ. ವಿಮಾನದವರು, ಹಡಗಿನವರು ಬಳಸುವುದು ನಾಟಿಕಲ್ ಮೈಲಿ, ಒಂದಕ್ಕೆ 1.852 ಕಿ.ಮೀ. ರಸ್ತೆಯ ಮೈಲಿ 1.609. ವಿಮಾನ ಕಂಪನಿಗಳ ಪಾಯಿಂಟ್‌ಗಳ ಪಟ್ಟಿಯಲ್ಲಿ ಮೈಲಿ ಎಂದು ಕಂಡರೆ ಯಾವುದೆಂದು ನೋಡಿಕೊಂಡು ಗುಣಿಸಿ.

ದೂರದಿಂದ ಹೊತ್ತು

ವಿಮಾನ ತಾಸಿಗೆ 800 ಕಿ.ಮೀ. ಹೋಗುತ್ತದೆ, ಬೆಂಗಳೂರು 484, ಹಾಗಾದರೆ 36 ನಿಮಿಷ ಎನ್ನುವವರಿದ್ದಾರೆ. ಏರ್‌ಬಸ್ 320 ಆ ವೇಗ ಮುಟ್ಟುವುದು ನಿಜ, ಮೇಲೆ 830 ಕಿ.ಮೀ. ತನಕ ಹೋಗುತ್ತದೆ. ಆದರೆ 35,000 ಅಡಿ ಏರಲು ಅದಕ್ಕೆ ಇಪ್ಪತ್ತು ನಿಮಿಷ ಬೇಕು, ಅಷ್ಟರಲ್ಲಿ ಇನ್ನೂರು ಕಿ.ಮೀ. ಹತ್ತಿರ ಹೋಗಿರುತ್ತದೆ. ಇಳಿಯುವಾಗಲೂ ಇನ್ನೂರು ಕಿ.ಮೀ. ಮೊದಲೇ ಇಳಿಜಾರು ಹಿಡಿಯಬೇಕು. ಸಾವಿರ ಅಡಿ ಇಳಿಯಲು ಮೂರು ನಾಟಿಕಲ್ ಮೈಲಿ ಎಂಬುದು ಪೈಲಟ್‌ಗಳ ಬಾಯಿಲೆಕ್ಕ: 35,000 ಅಡಿಗೆ 105 ಮೈಲಿ, ಅಂದರೆ 194 ಕಿ.ಮೀ. ಗೋವಾದಿಂದ ಬೆಂಗಳೂರಿಗೆ ಹೋಗುವಾಗ ಸಮತಟ್ಟಾಗಿ, ಪೂರಾ ವೇಗದಲ್ಲಿ ಹಾರುವುದು ನೂರು ಕಿ.ಮೀ. ಕೂಡ ಇಲ್ಲ. ಗಗನಸಖಿ ಚಹಾದ ಗಾಡಿ ತಳ್ಳಿಕೊಂಡು ಬರುವುದಕ್ಕೂ ಸೀಟ್‌ಬೆಲ್ಟ್ ದೀಪ ಮತ್ತೆ ಹೊತ್ತಿಕೊಳ್ಳುವುದಕ್ಕೂ ಸರಿಹೋಗುವುದು ಇದಕ್ಕೇ.

ಇದರ ಮೇಲೆ ನೆಲದ ಓಟ. ಟಿಕೆಟ್ ಮೇಲಿನ ಸಮಯ ಶುರುವಾಗುವುದು ಚಕ್ರದ ಅಡಿಯ ಅಡೆ ತೆಗೆದು ವಿಮಾನ ಹಿಂದಕ್ಕೆ ಸರಿದಾಗ. ಮುಗಿಯುವುದು ಇನ್ನೊಂದು ಊರಲ್ಲಿ ಚಕ್ರಕ್ಕೆ ಮತ್ತೆ ಅಡೆ ಕೊಟ್ಟಾಗ. ರನ್‌ವೇ ತನಕ ತೆವಳುವುದು, ಸರತಿಯಲ್ಲಿ ನಿಲ್ಲುವುದು, ಇಳಿದ ಮೇಲೆ ಗೇಟಿಗೆ ಬರುವುದು, ಎಲ್ಲ ಅದರೊಳಗೇ. ಬೆಂಗಳೂರಿನಂಥ ದೊಡ್ಡ ನಿಲ್ದಾಣದಲ್ಲಿ ಇಳಿದ ಮೇಲೆ ಹತ್ತು ನಿಮಿಷ ನೆಲದಲ್ಲೇ ಓಡಬಹುದು.

ಇವನ್ನೆಲ್ಲ ಸೇರಿಸಿದ ಸುಲಭ ಸೂತ್ರ: ಜೆಟ್ ವಿಮಾನಕ್ಕೆ ಪ್ರತಿ ನೂರು ಕಿ.ಮೀ.ಗೆ ಏಳೂವರೆ ನಿಮಿಷ, ಅದರ ಮೇಲೆ ಒಂದೇ ಸಲ ಅರ್ಧ ತಾಸು. ಗೋವಾ–ಬೆಂಗಳೂರು 36ಕ್ಕೆ 30 ಸೇರಿ 66 ನಿಮಿಷ. ಗೋವಾ–ಮುಂಬೈ 62 ನಿಮಿಷ. ಗೋವಾ–ದೆಹಲಿ 2 ತಾಸು 22 ನಿಮಿಷ. ಮಂಗಳೂರು–ದುಬೈ 3 ತಾಸು 35 ನಿಮಿಷ. ಟಿಕೆಟ್‌ನಲ್ಲಿ ಇದಕ್ಕಿಂತ ಐದರಿಂದ ಇಪ್ಪತ್ತು ನಿಮಿಷ ಹೆಚ್ಚೇ ಬರೆದಿರುತ್ತಾರೆ. ನಿಗದಿಗಿಂತ 15 ನಿಮಿಷದೊಳಗೆ ಮುಟ್ಟಿದರೆ ಸಮಯಕ್ಕೆ ಬಂತು ಎಂಬ ಲೆಕ್ಕ, ಕಂಪನಿಗಳು ಆ ಹೆಸರು ಉಳಿಸಿಕೊಳ್ಳಲು ಸ್ವಲ್ಪ ಸಡಿಲ ಬಿಟ್ಟುಕೊಳ್ಳುತ್ತವೆ. ತಡವಾಗಿ ಹೊರಟ ವಿಮಾನವೂ ಸರಿಯಾದ ಹೊತ್ತಿಗೆ ಇಳಿಯುವುದರ ಗುಟ್ಟು ಈ ಸಡಿಲ.

ಹುಬ್ಬಳ್ಳಿಯಂಥ ಕಡೆ ರೆಕ್ಕೆಯಲ್ಲಿ ಪಂಖ ತಿರುಗುವ ಎಟಿಆರ್ ವಿಮಾನವೂ ಸಿಗಬಹುದು. ಅದರ ವೇಗ ತಾಸಿಗೆ 500 ಕಿ.ಮೀ. ಸುಮಾರು. ಅದಕ್ಕೆ ನೂರು ಕಿ.ಮೀ.ಗೆ 12 ನಿಮಿಷ, ಮೇಲೆ 25 ನಿಮಿಷ. ಹುಬ್ಬಳ್ಳಿ–ಬೆಂಗಳೂರು 370ಕ್ಕೆ ಸುಮಾರು 1 ತಾಸು 10 ನಿಮಿಷ. ಗೋವಾದ ಜೆಟ್‌ಗೂ ಇದಕ್ಕೂ ಹೆಚ್ಚುಕಮ್ಮಿ ಒಂದೇ ಹೊತ್ತು. ದೂರ 114 ಕಿ.ಮೀ. ಕಡಿಮೆಯಿದ್ದರೂ ಉಳಿತಾಯ ಏನಿಲ್ಲ. ಯಾವ ವಿಮಾನ ಎಂಬುದು ಬುಕ್ ಮಾಡುವಾಗಲೇ ಸಣ್ಣ ಅಕ್ಷರದಲ್ಲಿ ಇರುತ್ತದೆ.

ಗಾಳಿಯ ಮಾತು ದೇಶದೊಳಗೆ ಅಷ್ಟೇನೂ ಇಲ್ಲ, ಗಲ್ಫಿಗೆ ಹೋಗುವವರಿಗೆ ಇದೆ. ಚಳಿಗಾಲದಲ್ಲಿ ಉತ್ತರದ ಆಕಾಶದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬಲವಾದ ಗಾಳಿ ಇರುತ್ತದೆ. ದುಬೈಗೆ ಹೋಗುವಾಗ ಎದುರು ಗಾಳಿ, ಬರುವಾಗ ಬೆನ್ನಿಗೆ ಗಾಳಿ. ಎರಡರ ನಡುವೆ ಕಾಲು ತಾಸಿನಿಂದ ಅರ್ಧ ತಾಸಿನ ಫರಕು ಬರುವುದುಂಟು. ಮಳೆಗಾಲದಲ್ಲಿ ತಮಾಷೆ: ಕೆಳಗೆ ಕಡಲಿಂದ ಪಶ್ಚಿಮದ ಗಾಳಿ ತೆಂಗಿನ ಮರ ಬಗ್ಗಿಸುತ್ತಿದ್ದರೆ, ದಕ್ಷಿಣ ಭಾರತದ ಮೇಲೆ ತೀರಾ ಎತ್ತರದಲ್ಲಿ ಅದಕ್ಕೆ ಉಲ್ಟಾ, ಪೂರ್ವದ ಗಾಳಿ ಬೀಸುತ್ತಿರುತ್ತದೆ.

ಗೆರೆಯ ಮೇಲೇ ವಿಮಾನ ಹೋಗುತ್ತದೆ ಎಂದೂ ಇಲ್ಲ. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ತನ್ನ ಆಕಾಶವನ್ನು ಭಾರತದ ವಿಮಾನಗಳಿಗೆ ಮುಚ್ಚಿದಾಗ ದೆಹಲಿಯಿಂದ ಪಶ್ಚಿಮಕ್ಕೆ ಹೋಗುವ ನಮ್ಮ ವಿಮಾನಗಳು ದೂರದ ಸುತ್ತು ಹಾಕಬೇಕಾಯಿತು. ಮಂಗಳೂರು–ದುಬೈ ದಾರಿ ಅರಬ್ಬಿ ಸಮುದ್ರದ ಮೇಲಿನದು, ಅದಕ್ಕೆ ಆ ಬಿಸಿ ತಟ್ಟುವುದಿಲ್ಲ.

ಟಿಕೆಟ್‌ನ ಗಡಿಯಾರ

ಭಟ್ಕಳ, ಹೊನ್ನಾವರದ ಮನೆಗಳಲ್ಲಿ ಗಲ್ಫ್ ಟಿಕೆಟ್ ಓದುವುದು ದಿನನಿತ್ಯದ ಕೆಲಸ, ಆದರೂ ಮೊದಲ ಸಲ ಹೋಗುವವರು ಇಲ್ಲಿ ಎಡವುತ್ತಾರೆ. ಹೊರಡುವ ಸಮಯ ಹೊರಡುವ ಊರಿನದು, ಮುಟ್ಟುವ ಸಮಯ ಮುಟ್ಟುವ ಊರಿನದು. ದುಬೈ, ಅಬುಧಾಬಿ, ಮಸ್ಕತ್ ನಮಗಿಂತ ಒಂದೂವರೆ ತಾಸು ಹಿಂದೆ. ಸೌದಿ, ಕತಾರ್, ಕುವೈತ್, ಬಹರೈನ್ ಎರಡೂವರೆ ತಾಸು ಹಿಂದೆ. ಮಂಗಳೂರು ಬಿಡುವುದು 8.30, ದುಬೈ ಮುಟ್ಟುವುದು 10.05 ಎಂದಿದ್ದರೆ ನಡುವಿನ 1 ತಾಸು 35 ನಿಮಿಷಕ್ಕೆ ಒಂದೂವರೆ ತಾಸು ಕೂಡಿಸಿ: ಹಾರಾಟ 3 ತಾಸು 5 ನಿಮಿಷ ಆಯಿತು. ನಮ್ಮ ಸೂತ್ರ 3 ತಾಸು 35 ಎನ್ನುತ್ತದೆ, ಹಾಗಾದರೆ ಎಲ್ಲೋ ತಪ್ಪು ಓದಿದ್ದೀರಿ, ಅದು 10.35 ಇದ್ದಿರಬೇಕು. ಸೂತ್ರ ಗೊತ್ತಿದ್ದರೆ ಹೀಗೆ ತಾಳೆ ನೋಡಲೂ ಬರುತ್ತದೆ. ಬರುವಾಗ ಕೂಡಿಸುವ ಬದಲು ಕಳೆಯಿರಿ.

ಇದಕ್ಕಿಂತ ದುಬಾರಿ ತಪ್ಪು ತಾರೀಕಿನದು. 15ನೇ ತಾರೀಕು 00.40 ಎಂದರೆ 14ರ ರಾತ್ರಿ ಊಟ ಮಾಡಿ ಹೊರಡುವ ಲೆಕ್ಕವೂ ಅಲ್ಲ, 14ರ ಸಂಜೆಯೇ ಭಟ್ಕಳ ಬಿಡಬೇಕು. 15ರ ರಾತ್ರಿ ಸೂಟ್‌ಕೇಸ್ ಹಿಡಿದು ಹೋದರೆ ವಿಮಾನ ಹೋಗಿ ಒಂದು ದಿನ ಆಗಿರುತ್ತದೆ.

ಕೊನೆಯಿಂದ ಹಿಂದಕ್ಕೆ ಎಣಿಸುವುದು

ಮನೆಯಿಂದ ಯಾವಾಗ ಹೊರಡಬೇಕು ಎಂಬುದನ್ನು ವಿಮಾನ ಹೊರಡುವ ಸಮಯದಿಂದ ಹಿಂದಕ್ಕೆ ಎಣಿಸಬೇಕು. ದಾಬೋಲಿಂನಿಂದ ಸಂಜೆ 6ರ ವಿಮಾನ, ಮನೆ ಕಾರವಾರದಲ್ಲಿ ಎಂದುಕೊಳ್ಳಿ. ಚೆಕ್‌–ಇನ್ ಕೌಂಟರ್ ಮುಚ್ಚುವುದು ಒಂದು ತಾಸು ಮೊದಲು, 5ಕ್ಕೆ. ಬಾಗಿಲಲ್ಲಿ ಟಿಕೆಟ್, ಗುರುತಿನ ಚೀಟಿ ತೋರಿಸುವ ಸಾಲು, ಬ್ಯಾಗ್ ಕೊಡುವ ಸಾಲು ಸೇರಿ ಒಂದು ತಾಸು, 4ಕ್ಕೆ ನಿಲ್ದಾಣದ ಎದುರು ಇರಬೇಕು. ರಸ್ತೆಗೆ 2 ತಾಸು 20 ನಿಮಿಷ, 1.40. ಪಂಕ್ಚರ್, ಮಡಗಾಂವದ ಸುತ್ತಿನ ಗದ್ದಲ, ಯಾರೋ ಮರೆತ ಔಷಧಿ, ಇವಕ್ಕೆಲ್ಲ ಸೇರಿ 40 ನಿಮಿಷ. ಮಧ್ಯಾಹ್ನ 1ಕ್ಕೆ ಗಾಡಿ ಹೊರಟಿರಬೇಕು. ಊಟಕ್ಕೆ ಕೂರುವುದಲ್ಲ, ಊಟ ಮುಗಿಸಿ ಗಾಡಿ ಹೊರಟಿರಬೇಕು.

ಭಟ್ಕಳದಿಂದ ವಿದೇಶಕ್ಕಾದರೆ ಕಟ್ಟು ಇನ್ನೂ ಬಿಗಿ. ಬೆಳಿಗ್ಗೆ 8.30ರ ವಿಮಾನಕ್ಕೆ ಮೂರು ತಾಸು ಮೊದಲು, 5.30ಕ್ಕೆ ಬಜಪೆಯಲ್ಲಿ. ನಸುಕಿನಲ್ಲಿ ರಸ್ತೆ ಖಾಲಿ, ಎರಡೂವರೆ ತಾಸು ಸಾಕು. ಅರ್ಧ ತಾಸು ಕೈಯಲ್ಲಿಟ್ಟುಕೊಂಡರೆ ರಾತ್ರಿ 2.30ಕ್ಕೆ ಹೊರಡಬೇಕು. ಚಾಲಕ ಹಿಂದಿನ ದಿನ ಪೂರ್ತಿ ಗಾಡಿ ಓಡಿಸಿದವನಲ್ಲ ಎಂಬುದನ್ನು ಕೇಳಿ ತಿಳಿದುಕೊಳ್ಳಿ.

ಬ್ಯಾಗಿನಲ್ಲಿ ಕಳೆಯುವ ಹೊತ್ತು ಸಣ್ಣದಲ್ಲ. ಅಪ್ಪೆಮಿಡಿ ಉಪ್ಪಿನಕಾಯಿ, ಕೋಕಂ ಶರಬತ್ತಿನ ಬಾಟಲಿ ಕೈಚೀಲದಲ್ಲಿದ್ದರೆ ತಪಾಸಣೆಯಲ್ಲಿ ನಿಲ್ಲಿಸುತ್ತಾರೆ. ಅವನ್ನು ಮೊದಲೇ ಪ್ಲಾಸ್ಟಿಕ್‌ನಲ್ಲಿ ಬಿಗಿದು ಕೌಂಟರ್‌ನಲ್ಲಿ ಕೊಡುವ ಬ್ಯಾಗಿಗೆ ಹಾಕಿ. ಪವರ್ ಬ್ಯಾಂಕ್ ಇದಕ್ಕೆ ಉಲ್ಟಾ, ಕೈಚೀಲದಲ್ಲೇ ಇರಬೇಕು. ಕೌಂಟರ್‌ನಲ್ಲಿ ಕೊಟ್ಟ ಬ್ಯಾಗಿನೊಳಗೆ ಅದು ಸಿಕ್ಕಿಬಿದ್ದರೆ ನಿಮ್ಮನ್ನು ಮತ್ತೆ ಕರೆಸಿ ತೆಗೆಸುತ್ತಾರೆ.

ರೈಲಿನಲ್ಲಿ ಹೋಗುವುದಾದರೆ ಕಾರವಾರದಿಂದ ಮಡಗಾಂವಕ್ಕೆ ಒಂದು ತಾಸು ಸುಮಾರು, ಅಲ್ಲಿಂದ ದಾಬೋಲಿಂ 25 ಕಿ.ಮೀ., ಟ್ಯಾಕ್ಸಿಗೆ ಮುಕ್ಕಾಲು ತಾಸು. ಕಡಿಮೆ ಖರ್ಚಿನ, ಸುಖದ ದಾರಿ. ಆದರೆ ಕೇರಳದಿಂದ ಬರುವ ರೈಲುಗಳು ಇಲ್ಲಿಗೆ ಬರುವಷ್ಟರಲ್ಲಿ ತಡವಾಗಿರುವುದುಂಟು. ವಿಮಾನಕ್ಕೆ ಐದು ತಾಸು ಮೊದಲು ಮಡಗಾಂವ ಮುಟ್ಟುವ ರೈಲನ್ನೇ ನಂಬಿ, ಮೂರು ತಾಸಿನದನ್ನಲ್ಲ. ಗೋವಾದಲ್ಲಿ ಓಲಾ, ಊಬರ್ ಇಲ್ಲ ಎಂಬುದೂ ನೆನಪಿರಲಿ, ನಿಲ್ದಾಣದ ಕೌಂಟರ್‌ನಲ್ಲಿ ಟ್ಯಾಕ್ಸಿ ಹಿಡಿಯಬಹುದು.

ಬೆಂಗಳೂರಲ್ಲಿ ಇಳಿದು ಬೇರೆ ವಿಮಾನ ಹಿಡಿಯುವವರು ಎರಡೂ ಹಾರಾಟ ಒಂದೇ ಪಿಎನ್‌ಆರ್‌ನಲ್ಲಿ ಇರುವಂತೆ ಟಿಕೆಟ್ ಮಾಡಿಸಿ. ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ ಮುಂದಿನ ವ್ಯವಸ್ಥೆ ಕಂಪನಿಯ ಹೊಣೆ. ಬೇರೆ ಬೇರೆ ಟಿಕೆಟ್ ಆದರೆ ನಷ್ಟ ನಿಮ್ಮದೇ, ಹಾಗಾಗಿ ನಡುವೆ ಕನಿಷ್ಠ ನಾಲ್ಕು ತಾಸು ಬಿಡಿ. ಎರಡು ಟರ್ಮಿನಲ್ ಇವೆ, ಇಳಿಯುವುದು ಯಾವುದರಲ್ಲಿ, ಹತ್ತುವುದು ಯಾವುದರಲ್ಲಿ ಎಂದು ಮೊದಲೇ ನೋಡಿಕೊಳ್ಳಿ.

ಮಳೆಗಾಲದ ಲೆಕ್ಕವೇ ಬೇರೆ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೇಲಿನ ರಸ್ತೆಯ ಅಂಕಿಗಳಿಗೆಲ್ಲ ಮೂರನೇ ಒಂದು ಪಾಲು ಕೂಡಿಸಿ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ದಿನಗಟ್ಟಲೆ ಬಂದ್ ಆಗಿತ್ತು. ಅದಾಗಿ ಮೂರು ವಾರಕ್ಕೆ, ಆಗಸ್ಟ್ 7ರ ನಸುಕಿನಲ್ಲಿ ಕಾರವಾರದ ಕಾಳಿ ನದಿಯ ಹಳೆಯ ಸೇತುವೆ ಕುಸಿದು ಬಿತ್ತು. ಗೋವಾ ಕಡೆಗೆ ಹೋಗಿಬರುವ ಗಾಡಿಗಳೆಲ್ಲ ಹೊಸ ಸೇತುವೆಯ ಮೇಲೆ ಬಂದವು. ಕಾರವಾರದಿಂದ ದಾಬೋಲಿಂಗೆ ಕಾಳಿ ದಾಟದೆ ಹತ್ತಿರದ ದಾರಿ ಇಲ್ಲ. ಕುಮಟಾ–ಶಿರಸಿ ನಡುವಿನ ದೇವಿಮನೆ ಘಟ್ಟ, ಅಂಕೋಲಾ–ಯಲ್ಲಾಪುರದ ಅರಬೈಲ್ ಘಟ್ಟ, ಕದ್ರಾ ಮೇಲಿನ ಅಣಶಿ ಘಟ್ಟ, ಮೂರೂ ಜೋರು ಮಳೆಗೆ ಧರೆ ಕುಸಿದು ನಿಲ್ಲುವ ಜಾಗಗಳು. ಹೊರಡುವ ಹಿಂದಿನ ಸಂಜೆ ಆ ದಾರಿಯಲ್ಲಿ ಬಂದ ಬಸ್ಸಿನ ಚಾಲಕರನ್ನು ಡಿಪೋದಲ್ಲಿ ವಿಚಾರಿಸಿದರೆ ನಕಾಶೆಯ ಆ್ಯಪ್‌ಗಿಂತ ಸರಿಯಾದ ಸುದ್ದಿ ಸಿಗುತ್ತದೆ. ಕೊಂಕಣ ರೈಲ್ವೆಗೂ ಮಳೆಗಾಲದ ಬೇರೆ ವೇಳಾಪಟ್ಟಿ ಇರುತ್ತದೆ, ರೈಲುಗಳ ವೇಗ ಇಳಿಸಿರುತ್ತಾರೆ. ಬೇಸಿಗೆಯ ಸಮಯ ನೆಚ್ಚಿಕೊಂಡು ಹೋಗಬೇಡಿ.

ಆಕಾಶದಲ್ಲೂ ಹಾಗೇ. ಮಂಗಳೂರಿನ ರನ್‌ವೇ ಗುಡ್ಡದ ನೆತ್ತಿ ಸಮ ಮಾಡಿ ಕಟ್ಟಿದ್ದು, ಸುತ್ತ ಕಣಿವೆ. ಮೋಡ ತೀರಾ ಕೆಳಗಿಳಿದು, ನಿಗದಿಯಷ್ಟು ದೂರ ಕಾಣದಿದ್ದರೆ ಪೈಲಟ್ ಇಳಿಸುವಂತಿಲ್ಲ. ಒಂದೆರಡು ಸುತ್ತು ಹಾಕಿ ಬೆಂಗಳೂರಿಗೋ ಇನ್ನೊಂದು ಊರಿಗೋ ಒಯ್ಯುತ್ತಾರೆ, ಅಷ್ಟು ಇಂಧನ ಇಟ್ಟುಕೊಂಡೇ ಹೊರಟಿರುತ್ತಾರೆ. ನೆಲಕ್ಕೆ ಹತ್ತಿರ ಬಂದ ವಿಮಾನ ಮತ್ತೆ ಮೇಲೇರಿದರೆ ಗಾಬರಿ ಬೇಡ, ಅದು ನಿಯಮದ ಪ್ರಕಾರ ಮಾಡುವ ಕೆಲಸ. ಬೆಂಗಳೂರಿನ ಸಂದರ್ಶನಕ್ಕೋ ಆಸ್ಪತ್ರೆಯ ದಿನಕ್ಕೋ ಹೋಗುವವರು ಜುಲೈನಲ್ಲಿ ಅದೇ ದಿನದ ವಿಮಾನ ನಂಬದೆ ಹಿಂದಿನ ದಿನವೇ ಮುಟ್ಟಿರುವುದು ವಾಸಿ.

ವಿಮಾನ ಬೇಡ ಎನ್ನುವ ಲೆಕ್ಕ

ಶಿರಸಿಯಿಂದ ಬೆಂಗಳೂರು ರಸ್ತೆಯಲ್ಲಿ ಸುಮಾರು 405 ಕಿ.ಮೀ., ರಾತ್ರಿ ಬಸ್ಸಿಗೆ ಎಂಟು ತಾಸು. ವಿಮಾನದಲ್ಲಿ? ಹುಬ್ಬಳ್ಳಿಗೆ ಎರಡೂವರೆ ತಾಸು, ನಿಲ್ದಾಣದಲ್ಲಿ ಕಾಯಲು ಒಂದೂವರೆ, ಹಾರಾಟ ಒಂದು ತಾಸು ಹತ್ತು ನಿಮಿಷ, ಬ್ಯಾಗ್ ಹಿಡಿದು ಹೊರಗೆ ಬರಲು ಅರ್ಧ, ದೇವನಹಳ್ಳಿಯಿಂದ ಮೆಜೆಸ್ಟಿಕ್‌ಗೆ 35 ಕಿ.ಮೀ. ಒಂದೂವರೆ. ಒಟ್ಟು ಏಳು ತಾಸು ಹತ್ತು ನಿಮಿಷ. ಉಳಿದದ್ದು ಐವತ್ತು ನಿಮಿಷ, ಅದೂ ಹಗಲು ಎಚ್ಚರವಿದ್ದು. ಬಸ್ಸಿನಲ್ಲಾದರೆ ಮಲಗಿರುತ್ತೀರಿ. ಕಾರವಾರದವರಿಗೆ ಬಸ್ಸಿನ ದಾರಿ 520 ಕಿ.ಮೀ., ಹತ್ತು ತಾಸಿನ ಮೇಲೆ. ಅವರಿಗೆ ವಿಮಾನದಿಂದ ಮೂರು ತಾಸು ಉಳಿಯುತ್ತದೆ. ಆದರೂ ಬೆಳಿಗ್ಗೆ ಒಂಬತ್ತಕ್ಕೆ ಬೆಂಗಳೂರಲ್ಲಿ ಕೆಲಸ ಇದ್ದರೆ ಸ್ಲೀಪರ್ ಬಸ್ಸೋ ಪಂಚಗಂಗಾ ರೈಲೋ ಹೆಚ್ಚು ಭರವಸೆಯದು. ಮಂಗಳೂರಿನಿಂದ ಬೆಂಗಳೂರಿಗೆ ಹಾರಲು ಭಟ್ಕಳದಿಂದ ದಕ್ಷಿಣಕ್ಕೆ 140 ಕಿ.ಮೀ. ಹೋಗುವುದಂತೂ ತೀರಾ ತುರ್ತಿದ್ದರೆ ಮಾತ್ರ. ದೆಹಲಿ, ಹೈದರಾಬಾದ್, ಕೋಲ್ಕತ್ತಾಕ್ಕೆ ಈ ಚರ್ಚೆ ಬೇಡ, ವಿಮಾನವೇ.

ವಿಮಾನಗಳ ವೇಳಾಪಟ್ಟಿ ವರ್ಷಕ್ಕೆ ಎರಡು ಸಲ, ಮಾರ್ಚ್ ಮತ್ತು ಅಕ್ಟೋಬರ್‌ನ ಕೊನೆಯ ಭಾನುವಾರ ಬದಲಾಗುತ್ತದೆ. ಚೌತಿಗೆ ಊರಿಗೆ ಬಂದಾಗ ಇದ್ದ ವಿಮಾನ ದೀಪಾವಳಿಗೆ ಬೇರೆ ಹೊತ್ತಿಗೆ ಹೋಗಿರಬಹುದು, ಇಲ್ಲದೆಯೂ ಇರಬಹುದು. ಮರಳುವ ಟಿಕೆಟ್ ಮಾಡುವಾಗ ಇಳಿಯುವ ಹೊತ್ತು ನೋಡಿ: ರಾತ್ರಿ ಒಂಬತ್ತರ ಮೇಲೆ ದಾಬೋಲಿಂನಲ್ಲಿ ಇಳಿದರೆ ಮಡಗಾಂವದಿಂದ ಕಾರವಾರದ ಬಸ್ ನೆಚ್ಚಿಕೊಳ್ಳುವಂತಿಲ್ಲ, ಮನೆಯಿಂದ ಗಾಡಿ ಕರೆಸಬೇಕು. ಹುಬ್ಬಳ್ಳಿಯಲ್ಲಿ ಸಂಜೆ ಏಳರೊಳಗೆ ಇಳಿದರೆ ಶಿರಸಿಗೆ ಹೊಸ ಬಸ್ ನಿಲ್ದಾಣದಲ್ಲಿ ಬಸ್ ವಿಚಾರಿಸಬಹುದು. ಅದಕ್ಕಿಂತ ತಡವಾದರೆ ಅಲ್ಲೇ ಉಳಿದು ಬೆಳಗಿನ ಮೊದಲ ಬಸ್ ಹಿಡಿಯಿರಿ.